ನೈಲಾನ್ ಶಿವದಾರ

ಅಜ್ಜಿಗೆ ಇನ್ಸುಲಿನ್ ಚುಚ್ಚಿ ಹತ್ತು ನಿಮಿಷವಾಗಿತ್ತು. ಆಗ ಗೊತ್ತಾಯಿತು, ಅವಳ ಎದೆಯ ಮೇಲೆ ಲಿಂಗ ಇರಲಿಲ್ಲ.

ಇದು ನಡೆದದ್ದು ತೊಂಬತ್ತೆಂಟರ ಆಷಾಢದಲ್ಲಿ, ಚಾಮುಂಡಿ ಬೆಟ್ಟದ ಮೇಲಿನ ಒಂದು ಹೋಟೆಲ್ಲಿನ ನಾಲ್ಕನೇ ನಂಬರಿನ ಕಾಟೇಜಿನಲ್ಲಿ. ಮೈಸೂರಿನವರು ಮೈಸೂರಿನ ಬೆಟ್ಟದ ಮೇಲೇ ಹೋಟೆಲ್ ರೂಮು ಮಾಡಿಕೊಂಡು ಇರುತ್ತಾರಾ ಎಂದು ನನ್ನ ಕಾಲೇಜಿನವರೆಲ್ಲ ನಕ್ಕಿದ್ದರು. ಕಾರಣ ಇತ್ತು. ಶ್ರೀರಾಂಪುರದ ನಮ್ಮ ಮನೆಗೆ ಮೊಸಾಯಿಕ್ ಪಾಲಿಶ್ ಮಾಡಿಸುತ್ತಿದ್ದರು. ಮಷೀನಿನ ಗೊರಗೊರ ಸದ್ದು, ಕೋಣೆ ಕೋಣೆಯಲ್ಲೂ ಬೂದು ಬಣ್ಣದ ಕೆಸರು. ಅಪ್ಪ ಅಮ್ಮ ಹೇಗೋ ಅಡುಗೆಮನೆಯಲ್ಲಿ ಮಲಗುತ್ತೇವೆ ಎಂದರು. ಎಪ್ಪತ್ತಮೂರು ವರ್ಷದ ಅಜ್ಜಿ ಗಿರಿಜಾಂಬಾರನ್ನು ಎಲ್ಲಿ ಕೂರಿಸುವುದು? ನಾನೇ ಹೇಳಿದೆ, ಬೆಟ್ಟದ ಕಾಟೇಜಿಗೆ ನಾನು ಕರೆದುಕೊಂಡು ಹೋಗುತ್ತೇನೆ, ಎರಡು ದಿನ ನಾನೇ ನೋಡಿಕೊಳ್ಳುತ್ತೇನೆ.

ಅಜ್ಜಿ ಒಪ್ಪಿದ್ದು ಒಂದೇ ಆಸೆಗೆ. "ಆರು ವರ್ಷದಿಂದ ನಮ್ಮ ತಾರಸಿ ಮೇಲೆ ನಿಂತ್ಕೊಂಡು ಬೆಟ್ಟ ನೋಡಿದೀನಿ. ಬೆಟ್ಟದ ಮೇಲೆ ನಿಂತ್ಕೊಂಡು ನಮ್ಮ ತಾರಸಿ ಎಂಗೆ ಕಾಣ್ತದೆ ನೋಡ್ಬುಡನ ಅಂತ."

ಹೊರಡುವ ಹಿಂದಿನ ದಿನ ನಾನು ಮಾಡಿದ ಕೆಲಸವನ್ನೂ ಹೇಳಬೇಕು. ಅಜ್ಜಿ ಕೊರಳಿಗೆ ಲಿಂಗ ಕಟ್ಟಿಕೊಳ್ಳುವ ಶಿವದಾರ ಹಳೆಯದಾಗಿತ್ತು. ಹತ್ತಿಯ ದಾರ, ವಿಭೂತಿ, ಬೆವರು, ಎಣ್ಣೆ ಎಲ್ಲ ಕುಡಿದು ಕಪ್ಪಾಗಿತ್ತು. ಹೋಟೆಲ್ಲಿಗೆ ಹೋಗುವಾಗ ಚೆನ್ನಾಗಿರಲಿ ಎಂದು ದೇವರಾಜ ಮಾರ್ಕೆಟ್ಟಿನಿಂದ ಹೊಳೆಯುವ ಬಿಳಿ ದಾರ ತಂದೆ. ಅಂಗಡಿಯವನು ನೈಲಾನ್, ಹತ್ತು ವರ್ಷ ಆದರೂ ಹರಿಯಲ್ಲ ಎಂದಿದ್ದ. ಅಜ್ಜಿ ಮಧ್ಯಾಹ್ನ ಮಲಗಿದ್ದಾಗ, ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಅವಳ ಎದೆಯ ಮೇಲಿಂದ ಕದಲಿಸದೆಯೇ, ಹಳೆ ದಾರ ಎಳೆದು ಹೊಸದನ್ನು ಪೋಣಿಸಿ ಕತ್ತಿನ ಹಿಂದೆ ಗಂಟು ಹಾಕಿದೆ. ಎದ್ದ ಮೇಲೆ ಅಜ್ಜಿ ದಾರ ಮುಟ್ಟಿ ನೋಡಿದಳು.

"ಇದೇನೇ ಇದು, ಹಾವಿನ ಥರ ಜಾರ್ತದೆ."

"ಹೊಸದು ಕಣಜ್ಜಿ. ಹರಿಯೋದೇ ಇಲ್ವಂತೆ."

ಅಂಗಡಿಯವನ ಮಾತು ನಿಜ. ಆ ದಾರ ಇವತ್ತಿಗೂ ಹರಿದಿಲ್ಲ.

ಗುರುವಾರ ಸಂಜೆ ಅಪ್ಪ ವ್ಯಾನಿನಲ್ಲಿ ಬಿಟ್ಟುಹೋದರು. ಕಾಟೇಜುಗಳು ಇಳಿಜಾರಿನಲ್ಲಿ ಒಂದರ ಕೆಳಗೊಂದು. ನಮ್ಮದು ಕೊನೆಯದು. ಅದರ ಹಿಂದೆ ಒಂದು ಕಲ್ಲು ಬೆಂಚು, ಸೊಂಟದೆತ್ತರದ ತಂತಿ ಬೇಲಿ, ಬೇಲಿಯಾಚೆ ಲಂಟಾನ ಪೊದೆ, ಬಂಡೆ, ಮಂಜು. ಮಂಜಿನ ಕೆಳಗೆ ಎಲ್ಲೋ ಊರು. ಸಾಮಾನು ತಂದಿಟ್ಟ ಮರಿಯಯ್ಯ ಆ ಹೋಟೆಲ್ಲಿನಲ್ಲಿ ತಲೆ ನರೆಸಿಕೊಂಡ ಕಾವಲುಗಾರ. ಬೇಲಿಯನ್ನೇ ತೋರಿಸಿ ಹೇಳಿದ.

"ಈ ತಂತಿ ದಾಟ್ಬ್ಯಾಡಿ ಕಣವ್ವ. ಕೆಳಗಡೆ ಚಿರತೆ ಓಡಾಡ್ತದೆ."

"ಸಂಜೆ ಮೇಲಾ?"

"ಅದರ ತಾವ ಗಡಿಯಾರ ಇಲ್ಲ. ಮಂಜು ಇದ್ರೆ ಅದಕ್ಕೆ ಅಗಲೂ ಒಂದೇ, ರಾತ್ರೀನೂ ಒಂದೇ. ಓದ ವಾರ ನಮ್ಮ ಅಡಿಗೆಮನೆ ನಾಯಿ ಇದೇ ಬೆಂಚಿನ ಕೆಳಗೆ ಮಲಗಿತ್ತು. ಬೊಗಳೂ ಇಲ್ಲ. ಬರೀ ಕೊರಳಪಟ್ಟಿ ಸಿಕ್ತು."

ಅಜ್ಜಿ ನಕ್ಕಳು. "ನನ್ನ ತಿಂದ್ರೆ ಅದಕ್ಕೂ ಸಕ್ಕರೆ ಕಾಯಿಲೆ ಬರ್ತದೆ ಬುಡಪ್ಪ."

ಆ ಸಂಜೆ ಅಜ್ಜಿ ಕಾಟೇಜಿನಲ್ಲೇ ಪೂಜೆ ಮಾಡಿಕೊಂಡಳು. ಎಡ ಅಂಗೈಯಲ್ಲಿ ಲಿಂಗ, ಅದರ ಮೇಲೆ ಒಂದೇ ಒಂದು ಪತ್ರೆ. ಮುಗಿದ ಮೇಲೆ ಬಾಳೆಹಣ್ಣಿನ ಚೂರನ್ನು ನನ್ನ ಕಡೆ ಚಾಚಿದಳು. ನನಗೆ ಬಾಳೆಹಣ್ಣೆಂದರೆ ಆಗದು.

"ಬೇಡ ಕಣಜ್ಜಿ."

"ಊಟ ಬೇಡ ಅನ್ನು, ತಿಂಡಿ ಬೇಡ ಅನ್ನು. ಪ್ರಸಾದ ಬೇಡ ಅನ್ನಕ್ಕೆ ನೀನ್ಯಾರೇ, ನಾನ್ಯಾರೇ? ಕೈಗೆ ಬಂದ ಪ್ರಸಾದ ನೂಕಿದ್ರೆ ಶಿವನ್ನೇ ನೂಕ್ದಂಗೆ. ತಿನ್ನು."

ಮೂಗು ಹಿಡಿದುಕೊಂಡು ತಿಂದೆ. ಆಮೇಲೆ ಅವಳು ಚೀಲದಿಂದ ಒಂದು ಪುಟ್ಟ ಹಿತ್ತಾಳೆ ಡಬ್ಬಿ ತೆಗೆದು ಮಂಚದ ಮೇಲಿಟ್ಟಳು. ನಾನು ಹುಟ್ಟಿದಾಗ ಮಠದ ಅಯ್ಯನವರು ಕಟ್ಟಿದ ನನ್ನ ಲಿಂಗ. ಹೈಸ್ಕೂಲಿನಲ್ಲಿ ಪಕ್ಕದವಳು ಏನೇ ಅದು ತಾಯತ ಎಂದು ಕೇಳಿದ ದಿನ ಬಿಚ್ಚಿಟ್ಟದ್ದು, ಮತ್ತೆ ಕಟ್ಟಿರಲಿಲ್ಲ. ಅಜ್ಜಿ ಎಲ್ಲಿಗೆ ಹೋದರೂ ಅದನ್ನು ಹೊತ್ತುಕೊಂಡೇ ಹೋಗುತ್ತಿದ್ದಳು, ಇವತ್ತಲ್ಲ ನಾಳೆ ಇವಳು ಕೇಳುತ್ತಾಳೆ ಎಂದು. ನಾನು ಡಬ್ಬಿಯನ್ನು ದಿಂಬಿನ ಪಕ್ಕಕ್ಕೆ ಸರಿಸಿ ಮಲಗಿದೆ.

ಶುಕ್ರವಾರ ಬೆಳಿಗ್ಗೆ ಐದೂವರೆಗೆ ಅಜ್ಜಿಯ ಸ್ನಾನ ಆಯಿತು. ಆರು ಗಂಟೆಗೆ ನಾನು ಬಾಗಿಲು ತೆಗೆದು ನೋಡಿದರೆ ಮಂಜು ಒಂದು ಕಡೆ ಸರಿದು ಊರಿನ ತುಂಡೊಂದು ಕಾಣುತ್ತಿತ್ತು. ನಾನು ಕುಣಿದಾಡಿದೆ. "ಬಾ ಅಜ್ಜಿ, ಬೇಗ ಬಾ, ಮುಚ್ಕೊಂಡ್ಬುಡ್ತದೆ." ಅವಳು ಶಾಲು ಹೊದ್ದು ಬಂದಳು. ಬೇಲಿಯ ಕಲ್ಲು ಕಂಬ ಹಿಡಿದು ಮುಂದಕ್ಕೆ ಬಾಗಿ ಬಾಗಿ ಹುಡುಕಿದಳು. ಅದು ಅಶೋಕಪುರಂ ಕಣಜ್ಜಿ, ಇನ್ನೂ ಆ ಕಡೆ, ಅಲ್ಲಿ, ನೀರಿನ ಟ್ಯಾಂಕಿನ ಎಡಕ್ಕೆ ಎಂದು ನಾನು ಬೆರಳು ತೋರಿಸಿದೆ. ಆಗ ಕೆಳಗೆ ಎಲ್ಲೋ ಟಣ್ ಎಂದಿತು. ಯಾರೋ ಬಾಟಲಿ ಮುಚ್ಚಳ ಎಸೆದಿರಬೇಕು ಅಂದುಕೊಂಡೆ. ಮಂಜು ಮತ್ತೆ ಮುಚ್ಚಿತು.

ಮನೆಯಲ್ಲಿ ಕ್ರಮ ಬೇರೆ. ಮೊದಲು ಪೂಜೆ, ಆಮೇಲೆ ಇಂಜೆಕ್ಷನ್, ಅರ್ಧ ಗಂಟೆ ಬಿಟ್ಟು ತಿಂಡಿ. ಹೋಟೆಲ್ಲಿನಲ್ಲಿ ತಿಂಡಿ ಸರಿಯಾಗಿ ಏಳಕ್ಕೆ ಬರುತ್ತದೆ ಎಂದಿದ್ದರು. ತಣ್ಣಗಾದ ಇಡ್ಲಿ ಅಜ್ಜಿ ಮುಟ್ಟುವುದಿಲ್ಲ. ಹಾಗಾಗಿ ನಾನು ಬುದ್ಧಿ ಓಡಿಸಿದೆ. ಈಗಲೇ ಚುಚ್ಚಿದರೆ, ಪೂಜೆ ಮುಗಿಯುವ ಹೊತ್ತಿಗೆ ಅರ್ಧ ಗಂಟೆಯೂ ಆಗುತ್ತದೆ, ಇಡ್ಲಿಯೂ ಬರುತ್ತದೆ. ಥರ್ಮಾಸಿನಿಂದ ಸೀಸೆ ತೆಗೆದು ಆರೂ ಇಪ್ಪತ್ತೈದಕ್ಕೆ ಚುಚ್ಚಿದೆ.

ಆರೂ ಮೂವತ್ತೈದಕ್ಕೆ ಅಜ್ಜಿ ವಿಭೂತಿ ಹಚ್ಚಿಕೊಂಡು, ಸೆರಗಿನೊಳಗೆ ಕೈಹಾಕಿ, ಹಾಗೇ ಕೂತುಬಿಟ್ಟಳು. ಕೈ ಹೊರಗೆ ಬರಲಿಲ್ಲ.

"ನಿಶ್ಚಿತಾ."

"ಏನಜ್ಜಿ?"

"ಲಿಂಗ ಇಲ್ಲ ಕಣೇ."

ಹಾಸಿಗೆ ಕೊಡವಿದೆ. ಬಚ್ಚಲು ನೋಡಿದೆ, ಬಕೆಟ್ಟು ಮಗುಚಿ ನೋಡಿದೆ. ಬಾಗಿಲಿನಿಂದ ಬೆಂಚಿನವರೆಗೆ ಮಂಡಿಯೂರಿ ಹುಲ್ಲು ತಡವಿದೆ. ಒಳಗೆ ಬಂದಾಗ ಅಜ್ಜಿ ಮಣೆಯ ಮೇಲೆ ಹಾಗೇ ಕೂತಿದ್ದಳು.

"ಮೊದ್ಲು ಒಂಚೂರು ಏನಾದ್ರು ತಿಂದ್ಕೋ ಅಜ್ಜಿ. ಆಮೇಲೆ ಹುಡುಕನ."

ಅವಳು ತಲೆಯೆತ್ತಿ ನನ್ನನ್ನು ನೋಡಿದಳು. "ನಿಮ್ಮ ತಾತ ಹೋದ ದಿವಸಾನೂ ಪೂಜೆ ಮಾಡ್ಕೊಂಡೇ ನೀರು ಕುಡ್ದೋಳು ನಾನು. ಲಿಂಗ ಇಲ್ದೆ ಗುಟುಕು ನೀರು ಇಳಿಸ್ತೀನಾ?"

"ಇಂಜೆಕ್ಷನ್ ತಗೊಂಡಾಗೋಗಿದೆ ಅಜ್ಜಿ. ತಿನ್ನದೇ ಇದ್ರೆ ಸಕ್ಕರೆ ಪೂರ್ತಿ ಇಳಿದೋಗ್ತದೆ. ಡಾಕ್ಟ್ರು ಹೇಳಿರ್ಲಿಲ್ವಾ?"

"ಹೇಳಿದ್ರು. ನನ್ನ ಓರಗಿತ್ತಿ ನಂಜನಗೂಡಿನ ಹೊಳೇಲಿ ಲಿಂಗ ಕಳ್ಕೊಂಡಾಗ ಮೂರು ದಿನ ಸೋಪಾನದ ಮೇಲೇ ಕೂತಿದ್ಲು."

"ಸಿಗದೇ ಹೋಗಿದ್ರೆ?"

"ಅಲ್ಲೇ ಕೂತಿರ್ತಿದ್ಲು."

ಏಳಕ್ಕೆ ಮರಿಯಯ್ಯ ಇಡ್ಲಿ, ಕಾಫಿ, ಸಕ್ಕರೆ ಬಟ್ಟಲು ಇದ್ದ ತಟ್ಟೆ ಹಿಡಿದು ಬಂದ. ಅವನಿಗೆ ಎಲ್ಲ ಹೇಳಿದೆ. ಕಾಟೇಜಿನ ಫೋನು ಮಳೆಗೆ ಸತ್ತಿತ್ತು. ಆಷಾಢ ಶುಕ್ರವಾರ ಬೇರೆ, ಹೋಟೆಲ್ಲಿನವರೆಲ್ಲ ದೇವಸ್ಥಾನಕ್ಕೆ ಬಂದ ಜನಕ್ಕೆ ತಿಂಡಿ ಬಡಿಸುತ್ತಿದ್ದರು. ಅಪ್ಪನ ನಂಬರ್ ಬರೆದುಕೊಟ್ಟೆ. ಮೇಲಿನ ಅಂಗಡಿಯಿಂದ ಫೋನ್ ಮಾಡಿ ಡಾಕ್ಟರನ್ನೂ ಅಪ್ಪನನ್ನೂ ಕರೆಸುತ್ತೇನೆ ಎಂದು ಅವನು ಮುದಿ ಕಾಲಿನಲ್ಲೇ ಓಡಿದ. ಹೋಗುವಾಗ ತಿರುಗಿ ಹೇಳಿದ, "ತಂತಿ ದಾಟ್ಬ್ಯಾಡಿ ಕಣವ್ವ. ನಾನು ಬಂದ್ಬುಡ್ತೀನಿ."

ಅವನು ತಂತಿ ಎಂದದ್ದೇ ನನಗೆ ಆ ಟಣ್ ನೆನಪಾಯಿತು.

ಗಡಿಯಾರ ಏಳೂ ಹತ್ತು ತೋರಿಸುತ್ತಿತ್ತು. ಅಜ್ಜಿಯ ಮೂಗಿನ ಮೇಲೆ ಬೆವರು ಕಾಣಿಸಿಕೊಂಡಿತ್ತು, ಆ ಚಳಿಯಲ್ಲಿ. ನಾನು ಹೊರಗೆ ಬಂದು ಬೇಲಿ ಹಿಡಿದು ನಿಂತೆ. ಎರಡು ಮಾರು ಆಚೆಗೆ ಏನೂ ಕಾಣುತ್ತಿರಲಿಲ್ಲ. ದೇವಸ್ಥಾನದ ಕಡೆಯಿಂದ ಜನರ ಗದ್ದಲ ಮಂಜಿನಲ್ಲಿ ನೆನೆದು ನೆನೆದು ಬರುತ್ತಿತ್ತು, ನೂರು ಮೈಲಿ ಆಚೆಯಿಂದ ಬಂದ ಹಾಗೆ. ತಂತಿ ದಾಟಿದೆ. ಚೂಡಿದಾರದ ದುಪ್ಪಟ್ಟಾ ಸಿಕ್ಕಿಕೊಂಡಿತು, ಅಲ್ಲೇ ಬಿಟ್ಟೆ.

ಒಂದೊಂದೇ ಹೆಜ್ಜೆ. ಲಂಟಾನದ ಮುಳ್ಳು ಕೈ ಗೀರುತ್ತಿತ್ತು. ಹತ್ತೋ ಹನ್ನೆರಡೋ ಹೆಜ್ಜೆ ಇಳಿದ ಮೇಲೆ ಒಂದು ಕೊಂಬೆಗೆ ಬಿಳಿ ದಾರ ಜೋತಾಡುತ್ತಿರುವುದು ಕಾಣಿಸಿತು. ಗಂಟು ಪೂರಾ ಬಿಚ್ಚಿತ್ತು. ನಾನು ಹಾಕಿದ್ದ ಗಂಟು. ಕಣ್ಣು ಕೆಳಕ್ಕೆ ಹಾಯಿಸಿದೆ. ಬಂಡೆಯ ಸಂದಿನಲ್ಲಿ, ಕೂತು ಕೈ ಚಾಚಿದರೆ ಸಿಗುವಷ್ಟು ದೂರದಲ್ಲಿ ಬೆಳ್ಳಿ ಹೊಳೆಯುತ್ತಿತ್ತು.

ಆಗ ವಾಸನೆ ಬಂತು. ಒದ್ದೆ ಗೋಣಿಚೀಲದ್ದು, ಅದರ ಜೊತೆಗೆ ಕೊಳೆತ ಮಾಂಸದ್ದು. ಆಮೇಲೆ ಸದ್ದು. ಮರದ ತುಂಡಿನ ಮೇಲೆ ಗರಗಸ ಎಳೆದ ಹಾಗೆ, ಒಂದು ಸಲ ಆ ಕಡೆಗೆ, ಒಂದು ಸಲ ಈ ಕಡೆಗೆ. ನಿಂತಿತು. ಮತ್ತೆ ಎಳೆಯಿತು.

ಮಂಜಿನಲ್ಲಿ ಸದ್ದಿಗೆ ದಿಕ್ಕಿಲ್ಲ. ಕೆಳಗಿನಿಂದ, ಬಂಡೆಯ ಹಿಂದಿನಿಂದ ಬಂತು ಎಂದು ನನಗನ್ನಿಸಿತು. ಕೈ ಚಾಚಿದರೆ ಕರಡಿಗೆ. ಕೈ ಚಾಚಬೇಕಾದರೆ ಮಂಡಿಯೂರಬೇಕು, ಬಂಡೆಯ ಮೇಲೆ ಬಾಗಬೇಕು. ಬಾಗಲಿಲ್ಲ. ಅಜ್ಜಿಯ ಜೀವ ಅಲ್ಲಿ ಹೊಳೆಯುತ್ತ ಬಿದ್ದಿದೆ ಎಂದು ಗೊತ್ತಿದ್ದೂ ನಾನು ಹಿಂದಕ್ಕೆ ತಿರುಗಿ ಪೊದೆ, ಮುಳ್ಳು ಒಂದೂ ನೋಡದೆ ಮೇಲಕ್ಕೆ ಓಡಿದೆ. ತಂತಿ ಹಾರಿದ್ದು ನೆನಪಿಲ್ಲ. ಬಾಗಿಲಿನ ಚಿಲಕ ಹಾಕಿದ್ದು ನೆನಪಿದೆ.

ಒಳಗೆ ಅಜ್ಜಿ ಮಣೆಯಿಂದ ಜಾರಿ ಮಂಚದ ಕಾಲಿಗೆ ಒರಗಿದ್ದಳು. ರವಿಕೆ ಬೆವರಿನಲ್ಲಿ ತೊಯ್ದು ಹೋಗಿತ್ತು. ಕೈ ನಡುಗುತ್ತಿತ್ತು.

"ಅಜ್ಜಿ, ಲಿಂಗ ಸಿಕ್ತು. ಅಲ್ಲೇ ಇದೆ, ನೋಡ್ದೆ ನಾನು. ಈಗ ಒಂಚೂರು ಸಕ್ಕರೆ ಹಾಕ್ಕೊ."

"ಎಲ್ಲಿ? ಕೈಗೆ ಕೊಡು."

ಏನು ಕೊಡಲಿ.

"ಇಂದ್ರಮ್ಮ, ದನ ಹೊಡ್ಕೊಂಡು ಬಂದೇನೇ?" ಎಂದಳು ಅಜ್ಜಿ ನನ್ನನ್ನೇ ನೋಡುತ್ತ. ಇಂದ್ರಮ್ಮ ಅವಳ ತಂಗಿ. ನಾನು ಹುಟ್ಟುವ ಮುಂಚೆಯೇ ಸತ್ತವಳು.

ಡಾಕ್ಟರು ಅಂದಿದ್ದರು, ಬೆವರು, ನಡುಕ, ಆಮೇಲೆ ಮಾತು ತಪ್ಪುತ್ತದೆ, ಆಮೇಲೆ ಎಚ್ಚರ ತಪ್ಪುತ್ತದೆ, ಎಚ್ಚರ ತಪ್ಪಿದವರ ಬಾಯಿಗೆ ಏನೂ ಹಾಕಬಾರದು. ಅಂದರೆ ಇನ್ನು ಸ್ವಲ್ಪವೇ ಹೊತ್ತು. ಚಮಚದಲ್ಲಿ ಸಕ್ಕರೆ ತೆಗೆದು ತುಟಿಗೆ ಒತ್ತಿದೆ. ಹಲ್ಲು ಕಚ್ಚಿ ಮುಖ ತಿರುಗಿಸಿದಳು. ಸಕ್ಕರೆ ಸೀರೆಯ ಮೇಲೆ ಚೆಲ್ಲಿತು. ಮಾತು ತಪ್ಪಿದರೂ ಆ ಹಟ ತಪ್ಪಿರಲಿಲ್ಲ. ಕೈಯಿಂದ ದವಡೆ ಬಿಡಿಸಲು ನೋಡಿದೆ. ಎಪ್ಪತ್ತಮೂರು ವರ್ಷದ ದವಡೆ ಕಲ್ಲಿನ ಹಾಗಿತ್ತು. ಹೊರಗೆ ಕಿಟಕಿಯ ಗಾಜಿಗೆ ಮಂಜು ಒತ್ತಿಕೊಂಡು ನಿಂತಿತ್ತು. ಗರಗಸದ ಸದ್ದು ಮತ್ತೊಮ್ಮೆ ಕೇಳಿತೋ, ನನ್ನ ಎದೆಯದೇ ಸದ್ದೋ.

ಸಕ್ಕರೆ ಒರೆಸಲು ಬಗ್ಗಿದಾಗ ದಿಂಬಿನ ಪಕ್ಕದ ಹಿತ್ತಾಳೆ ಡಬ್ಬಿ ಕಣ್ಣಿಗೆ ಬಿತ್ತು.

ನನ್ನ ಲಿಂಗ ಅವಳಿಗೆ ಆಗುವುದಿಲ್ಲ. ಒಬ್ಬರ ಲಿಂಗ ಇನ್ನೊಬ್ಬರು ಪೂಜಿಸುವ ಹಾಗಿಲ್ಲ, ಅದು ನನಗೂ ಗೊತ್ತು. ಆದರೆ ನಾನು ಪೂಜಿಸಬಹುದು. ಪೂಜೆಯಾದ ಮೇಲೆ ಸಕ್ಕರೆ ಸಕ್ಕರೆಯಾಗಿ ಉಳಿಯುವುದಿಲ್ಲ.

ಬಚ್ಚಲಿನಲ್ಲಿ ತಲೆಯ ಮೇಲೆ ಒಂದು ಚೊಂಬು ತಣ್ಣೀರು ಸುರಿದುಕೊಂಡೆ. ಬಟ್ಟೆ ಬದಲಾಯಿಸಲು ಹೊತ್ತಿರಲಿಲ್ಲ. ಅಜ್ಜಿಯ ಎದುರಿಗೆ ಕೂತು ಅವಳ ತಟ್ಟೆಯಿಂದಲೇ ವಿಭೂತಿ ತೆಗೆದು ಹಣೆಗೆ ಎಳೆದೆ. ಡಬ್ಬಿ ತೆಗೆದು, ಕೆಂಪು ಬಟ್ಟೆ ಬಿಚ್ಚಿ, ಎಡ ಅಂಗೈಯಲ್ಲಿ ಲಿಂಗ ಇಟ್ಟುಕೊಂಡೆ. ಅಷ್ಟು ಹಗುರ ಎಂದು ಮರೆತೇ ಹೋಗಿತ್ತು. ನೀರು ಹಾಕಿದೆ, ಪತ್ರೆ ಇಟ್ಟೆ. ಓಂ ನಮಃ ಶಿವಾಯ ಬಿಟ್ಟು ಬೇರೆ ಒಂದು ಸಾಲೂ ನೆನಪಾಗಲಿಲ್ಲ. ಅದನ್ನೇ ಜೋರಾಗಿ ಹೇಳಿದೆ. ಅವಳಿಗೆ ಕೇಳಿಸಬೇಕಿತ್ತು. ನಿಜ ಹೇಳುತ್ತೇನೆ, ಶಿವನಿಗೆ ಕೇಳಿಸಲಿ ಎಂದು ಹೇಳಲಿಲ್ಲ.

ಅಜ್ಜಿಯ ಕಣ್ಣು ಎಲ್ಲೋ ತೇಲುತ್ತಿದ್ದದ್ದು ನನ್ನ ಅಂಗೈಗೆ ಬಂದು ನಿಂತಿತು. ತುಟಿ ಅಲುಗಿತು. ನನ್ನ ಜೊತೆ ಹೇಳುತ್ತಿದ್ದಳು.

ಸಕ್ಕರೆ ಬಟ್ಟಲನ್ನು ಲಿಂಗಕ್ಕೆ ತೋರಿಸಿ, ಮೂರು ಬೆರಳಲ್ಲಿ ಎತ್ತಿ ಅವಳ ಬಾಯಿಯ ಹತ್ತಿರ ಹಿಡಿದೆ.

"ಅಜ್ಜಿ. ಪ್ರಸಾದ."

ಹಲ್ಲು ಕಚ್ಚಿಯೇ ಇತ್ತು.

"ಪ್ರಸಾದ ಕಣಜ್ಜಿ. ಬೇಡ ಅನ್ನಕ್ಕೆ ನಾನ್ಯಾರು, ನೀನ್ಯಾರು?"

ಅವಳ ಹುಬ್ಬು ಗಂಟಿಕ್ಕಿತು. ಒಳಗೆ ಎಲ್ಲೋ ಬಹಳ ದೂರದಲ್ಲಿ ಕೂತು ವಾದ ಮಾಡುತ್ತಿದ್ದ ಹಾಗಿತ್ತು. ನಾನು ಎಣಿಸಲು ಶುರು ಮಾಡಿದೆ, ಯಾಕೆ ಎಂದು ಗೊತ್ತಿಲ್ಲ. ಹದಿನೇಳರವರೆಗೆ ಎಣಿಸಿದೆ. ಹದಿನೇಳಕ್ಕೆ ಅವಳ ಬಲಗೈ ನೆಲ ಬಿಟ್ಟು ಎದ್ದಿತು, ನಡುಗುತ್ತ, ಅಂಗೈ ಮೇಲಾಗಿ. ಪ್ರಸಾದವನ್ನು ಇನ್ನೊಬ್ಬರ ಕೈಯಿಂದ ಬಾಯಿಗೆ ಹಾಕಿಸಿಕೊಳ್ಳುವ ಹೆಂಗಸಲ್ಲ ಅವಳು. ಸಕ್ಕರೆ ಅಂಗೈಗೆ ಹಾಕಿದೆ. ಅರ್ಧ ಚೆಲ್ಲಿತು, ಅರ್ಧ ಬಾಯಿಗೆ ಹೋಯಿತು. ಮತ್ತೆ ಹಾಕಿದೆ. ಮತ್ತೆ. ಬಟ್ಟಲು ಅರ್ಧವಾಗುವವರೆಗೆ ಹಾಕಿದೆ.

ಆಮೇಲಿನ ಹದಿನೈದು ನಿಮಿಷ ನಾನು ಅವಳ ಕೈ ಹಿಡಿದುಕೊಂಡೇ ಕೂತಿದ್ದೆ, ಇನ್ನೊಂದು ಕೈಯಲ್ಲಿ ಲಿಂಗ. ಅವಳು ಮೊದಲು ಆಡಿದ ಮಾತು ಹೀಗಿತ್ತು.

"ಒದ್ದೆ ಬಟ್ಟೇಲಿ ಕೂತಿದ್ದೀಯಲ್ಲೇ, ಶೀತ ಆಗಲ್ವಾ?"

ನಾನು ಅಳಲು ಶುರುಮಾಡಿದೆ. ಅವಳು ನನ್ನನ್ನು ಅಳಲು ಬಿಟ್ಟಳು. ಸ್ವಲ್ಪ ಹೊತ್ತಾದ ಮೇಲೆ ಕೇಳಿದಳು.

"ಆ ದಾರ ಜಾರ್ತದೆ ಅಂತ ನಾನು ಹೇಳಿರ್ಲಿಲ್ವಾ?"

"ಹೇಳಿದ್ದೆ."

"ಸೂಜಿ ಯಾಕೆ ಮುಂಚೆ ಚುಚ್ಚಿದೆ?"

"ಇಡ್ಲಿ ಬಿಸಿ ಇರ್ಲಿ ಅಂತ."

"ಇಡ್ಲಿ," ಎಂದಳು ಅಜ್ಜಿ. ತಟ್ಟೆಯ ಕಡೆ ನೋಡಿದಳು. ಅದು ಆಗಲೇ ತಣ್ಣಗೆ ಕಲ್ಲಾಗಿತ್ತು.

ಎಂಟೂವರೆಗೆ ಅಪ್ಪ ಬಂದರು. ಗಾಡಿಗಳನ್ನು ಕೆಳಗೇ ತಡೆದಿದ್ದರಿಂದ ಸಾವಿರ ಮೆಟ್ಟಿಲು ಹತ್ತಿ ಬಂದಿದ್ದರು. ಮಾತಾಡಲು ಉಸಿರಿರಲಿಲ್ಲ. ಹಿಂದೆ ಮರಿಯಯ್ಯ, ಅವನ ಜೊತೆ ದೇವಸ್ಥಾನದ ಹತ್ತಿರ ಜನರ ಸೇವೆಗೆ ಬಂದಿದ್ದ ಒಬ್ಬ ಡಾಕ್ಟರು. ಅವರು ಅಜ್ಜಿಯ ನಾಡಿ ಹಿಡಿದು, ಸಕ್ಕರೆ ಬಟ್ಟಲು ನೋಡಿ, ನನ್ನ ಕಡೆ ತಲೆಯಾಡಿಸಿದರು. ಇನ್ನೊಂದು ಕಾಲು ಗಂಟೆ ತಡವಾಗಿದ್ದರೆ ಎಂದು ಅಪ್ಪನ ಹತ್ತಿರ ಮೆಲ್ಲಗೆ ಹೇಳಿದ್ದು ನನಗೂ ಕೇಳಿಸಿತು.

ಒಂಬತ್ತಕ್ಕೆ ಮಂಜು ತೆಳುವಾಯಿತು. ಅಪ್ಪ, ಮರಿಯಯ್ಯ, ಅಡುಗೆಯವರಿಬ್ಬರು ತಟ್ಟೆ, ಸೌಟು ಬಡಿಯುತ್ತ ತಂತಿ ದಾಟಿದರು. ನಾನು ಬೆಂಚಿನ ಹತ್ತಿರ ನಿಂತು ಆ ಬಂಡೆ, ಅಲ್ಲೇ ಎಂದು ಕೂಗುತ್ತಿದ್ದೆ. ಕರಡಿಗೆ ಸಿಕ್ಕಿತು. ಮುಚ್ಚಳ ಬಿಗಿಯಾಗೇ ಇತ್ತು, ಲಿಂಗ ಒಳಗೇ ಇತ್ತು. ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು, ಕೊಂಬೆಯ ದಾರವನ್ನೂ ಬಿಡಿಸಿಕೊಂಡು ಮೇಲೆ ಬಂದರು. ಮರಿಯಯ್ಯ ಮಾತ್ರ ಅರ್ಧ ದಾರಿಯಲ್ಲೇ ನಿಂತು ನೆಲ ನೋಡುತ್ತಿದ್ದ.

"ಅವ್ವ, ಸದ್ದು ಎಲ್ಲಿಂದ ಬತ್ತು ಅಂದ್ರಿ?"

"ಕೆಳಗಿಂದ. ಬಂಡೆ ಹಿಂದ್ಗಡೆಯಿಂದ."

ಅವನು ತಲೆಯೆತ್ತಲಿಲ್ಲ. "ನಿಮ್ಮ ಚಪ್ಪಲಿ ಗುರುತು ಇಲ್ಲಿ ಅದೆ. ಅದರ ಎಜ್ಜೆ ಇಲ್ಲಿ ಅದೆ, ನಿಮಗೂ ಬೇಲಿಗೂ ಮಧ್ಯೆ. ಈ ಪೊದೆ ಪಕ್ಕ ಕೂತಿತ್ತು ಕಣವ್ವ. ನೀವು ಓಡಿ ಬಂದಿರೋದು ಅದರ ಮುಂದ್ಗಡೆಯಿಂದಲೇಯ."

ಅಡುಗೆಯವನೊಬ್ಬ ತಟ್ಟೆ ಬಡಿಯುವುದನ್ನು ನಿಲ್ಲಿಸಿದ್ದವನು ಮತ್ತೆ ಬಡಿಯಲು ಶುರುಮಾಡಿದ. ನನ್ನ ದುಪ್ಪಟ್ಟಾ ಇನ್ನೂ ತಂತಿಯ ಮೇಲೆ ಗಾಳಿಗೆ ಅಲ್ಲಾಡುತ್ತಿತ್ತು. ತೆಗೆದುಕೊಳ್ಳಲು ನಾನು ಹೋಗಲಿಲ್ಲ.

ಒಳಗೆ ಬಂದಾಗ ಅಜ್ಜಿ ಪೂಜೆಗೆ ಕೂತಿದ್ದಳು. ಮರಿಯಯ್ಯ ಹೇಳಿದ್ದು ಕಿಟಕಿಯಿಂದ ಅವಳಿಗೂ ಕೇಳಿಸಿತ್ತು. ಪೂಜೆ ಮುಗಿಸಿ, ನೀರು ಕುಡಿದು, ಹಳೆಯ ಹತ್ತಿಯ ಶಿವದಾರ ಎಲ್ಲಿ ಎಂದು ಕೇಳಿದಳು. ಅದನ್ನು ಎಲ್ಲಿ ಬೇಕಾದರಲ್ಲಿ ಎಸೆಯಬಾರದು ಎಂದು ಗೊತ್ತಿದ್ದರಿಂದ ಚೀಲದ ಜೇಬಿನಲ್ಲಿಟ್ಟಿದ್ದೆ. ಅವಳು ಅದನ್ನು ಕರಡಿಗೆಗೆ ಪೋಣಿಸಿ, ನನಗೆ ಬೆನ್ನು ಮಾಡಿ ಕೂತು, ಕತ್ತಿನ ಮೇಲಿನ ಕೂದಲು ಸರಿಸಿಕೊಂಡಳು.

"ಕಟ್ಟು."

"ಅಪ್ಪ ಕಟ್ಲಿ ಅಜ್ಜಿ. ನನ್ನ ಕೈ ನಡುಗ್ತಿದೆ."

"ಅದಕ್ಕೇ ಹೇಳಿದ್ದು. ಹೆದರಿದ ಕೈ ಗಂಟು ಬಿಗಿಯಾಗಿ ಹಾಕ್ತದೆ."

ಕಟ್ಟಿದೆ. ಅವಳು ಕರಡಿಗೆ ಹಿಡಿದು ಮುಂದಕ್ಕೆ ಜಗ್ಗಿ ನೋಡಿದಳು. ಗಂಟು ನನ್ನ ಬೆರಳ ಕೆಳಗೆ ಕಚ್ಚಿಕೊಂಡು ನಿಂತಿತು.

"ಇನ್ನೊಂದು ಹಾಕು," ಎಂದಳು. "ನಿನ್ನದಕ್ಕೂ ದಾರ ತರ್ಸು. ಹತ್ತೀದು."